ಕಾಸರಗೋಡಿನ ಕಡಲಾಚೆ ನೆಲ ಹುಟ್ಟುವ ಜಾಗ: ಭೂಫಲಕದ ಪಾಠವನ್ನು ಮನೆಯಲ್ಲೇ ಮಾಡಿ ಕಲಿಯುವುದು ಹೇಗೆ?

ಬೇಕಲ ಕೋಟೆಯ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡಿ. ಕಣ್ಣು ಹಾಯುವಷ್ಟು ದೂರಕ್ಕೂ ನೀರೇ. ಈಗ ಸ್ವಲ್ಪ ಎಡಕ್ಕೆ ತಿರುಗಿ, ಮಳೆಗಾಲದ ಗಾಳಿ ಬರುತ್ತದಲ್ಲ, ಆ ದಿಕ್ಕಿಗೆ. ಅಲ್ಲಿಂದ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಆಚೆ, ನೀರಿನಡಿಯಲ್ಲಿ ಒಂದು ಉದ್ದದ ಬೆಟ್ಟಸಾಲು ಇದೆ. ಹೆಸರು ಕಾರ್ಲ್ಸ್‌ಬರ್ಗ್. ಆ ಸಾಲಿನ ನಡುಮಧ್ಯದಲ್ಲಿ ನೆಲ ಬಿರಿಯುತ್ತಿದೆ. ಬಿರಿದ ಜಾಗದಲ್ಲಿ ಹೊಸ ನೆಲ ಹುಟ್ಟುತ್ತಿದೆ. ಇವತ್ತೂ, ನೀವು ಇದನ್ನು ಓದುತ್ತಿರುವಾಗಲೂ.

ಸಾಗರ ತಳ ವಿಸ್ತರಣೆಯ ಪಾಠದಲ್ಲಿ ಸಾಮಾನ್ಯವಾಗಿ ಅಟ್ಲಾಂಟಿಕ್ ಸಾಗರದ ಚಿತ್ರವೇ ಇರುತ್ತದೆ. ಹಾಗಾಗಿ ನಮ್ಮ ಮಕ್ಕಳಿಗೆ ಇದು ಎಲ್ಲೋ ದೂರದ ಕಥೆ ಅನಿಸುತ್ತದೆ. ಆದರೆ ಆ ಪಾಠದ ಅತ್ಯಂತ ಗಟ್ಟಿ ಸಾಕ್ಷಿಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ಪಕ್ಕದ ಈ ಕಡಲಿನಲ್ಲೇ. 1962ರಲ್ಲಿ ಓವೆನ್ ಎಂಬ ಬ್ರಿಟಿಷ್ ನೌಕೆ ಕಾರ್ಲ್ಸ್‌ಬರ್ಗ್ ಸಾಲಿನ ಮೇಲೆ ಹೋಗಿ ಬಂದು ಕಡಲ ತಳದ ಕಾಂತಶಕ್ತಿಯನ್ನು ಅಳೆಯಿತು. ಆ ಅಳತೆಗಳನ್ನು ಕೇಂಬ್ರಿಜ್‌ಗೆ ತಂದವರು ಡ್ರಮಂಡ್ ಮ್ಯಾಥ್ಯೂಸ್. ಅವುಗಳನ್ನು ಕೂತು ಓದಿದವರು ಅವರ ವಿದ್ಯಾರ್ಥಿ ಫ್ರೆಡ್ ವೈನ್. 1963ರಲ್ಲಿ ಇಬ್ಬರೂ ಸೇರಿ ಬರೆದ ಪುಟ್ಟ ಲೇಖನ ಭೂವಿಜ್ಞಾನದ ದಾರಿಯನ್ನೇ ಬದಲಿಸಿತು. ಅವರು ಕಂಡದ್ದೇನು ಎಂಬುದನ್ನು ನೀವೂ ಒಂದು ರಟ್ಟು, ಎರಡು ಕಾಗದದ ಪಟ್ಟಿಯಲ್ಲಿ ಕಾಣಬಹುದು.

ಮೊದಲು ಪದಗಳ ವಿಷಯ. ನಮ್ಮಲ್ಲಿ ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪ್ಲಸ್ ವನ್‌ಗೆ ಹೋದಾಗ ಇಂಗ್ಲಿಷ್. ಆಗ ಗೊತ್ತಿದ್ದ ಪಾಠವೂ ಹೊಸದಾಗಿ ಕಾಣುತ್ತದೆ. ಆದ್ದರಿಂದ ಎರಡೂ ಹೆಸರನ್ನು ಈಗಲೇ ನೋಟ್ಸಿನಲ್ಲಿ ಜೊತೆಜೊತೆಗೆ ಬರೆದಿಟ್ಟುಕೊಳ್ಳಿ. ಭೂಫಲಕ ಅಂದರೆ ಪ್ಲೇಟ್, ಭೂಮಿಯ ಹೊರಮೈಯ ದೊಡ್ಡ ಗಟ್ಟಿ ತುಂಡು. ಸಾಗರ ತಳ ವಿಸ್ತರಣೆ ಅಂದರೆ ಸೀ ಫ್ಲೋರ್ ಸ್ಪ್ರೆಡಿಂಗ್. ಶಿಲಾಪಾಕ ಅಂದರೆ ಮ್ಯಾಗ್ಮಾ. ಕಂದಕ ಅಂದರೆ ಟ್ರೆಂಚ್. ಕಡಲಡಿಯ ಬೆಟ್ಟಸಾಲಿಗೆ ಪುಸ್ತಕದಲ್ಲಿ ಮಧ್ಯಸಾಗರ ಪರ್ವತ ಶ್ರೇಣಿ ಎಂದಿರುತ್ತದೆ, ಇಂಗ್ಲಿಷಿನಲ್ಲಿ ಮಿಡ್ ಓಶನ್ ರಿಡ್ಜ್.

ಬೇಕಾಗುವ ಸಾಮಾನು: ಹಳೆಯ ಮದುವೆ ಕಾಗದ ಒಂದು, ದಪ್ಪ ರಟ್ಟು, ಹಳೇ ಕ್ಯಾಲೆಂಡರಿನ ಹಾಳೆ, ಲೂಡೋ ಆಟದ ದಾಳ, ಕೆಂಪು ಸ್ಕೆಚ್ ಪೆನ್ನು, ಸ್ಕೇಲು, ಬ್ಲೇಡು, ಅಂಟು, ಅಯಸ್ಕಾಂತ, ಲೇತ್ ಅಥವಾ ಗ್ರಿಲ್ ವರ್ಕ್‌ಶಾಪಿನಿಂದ ಒಂದು ಚಿಟಿಕೆ ಕಬ್ಬಿಣದ ಹುಡಿ, ಸ್ವಲ್ಪ ತೆಂಗಿನೆಣ್ಣೆ, ಒಂದು ಬೈರಾಸು (ಟವೆಲ್).

ಹೆಜ್ಜೆ 1: ಮದುವೆ ಕಾಗದ ಹರಿದು ಜೋಡಿಸಿ

ಕಾಗದವನ್ನು ನಡುವೆ ಅಂಕುಡೊಂಕಾಗಿ ಹರಿಯಿರಿ. ಎರಡು ತುಂಡನ್ನೂ ಗೆಳೆಯನ ಕೈಗೆ ಕೊಟ್ಟು, ಇವು ಒಂದೇ ಕಾಗದದ್ದು ಎಂದು ತೋರಿಸಲು ಹೇಳಿ. ಅವನು ಮೊದಲು ಅಂಚು ಕೂಡಿಸುತ್ತಾನೆ. ಆಮೇಲೆ ಅಕ್ಷರ ನೋಡುತ್ತಾನೆ. ಒಂದು ತುಂಡಿನಲ್ಲಿ ವರನ ಹೆಸರಿನ ಅರ್ಧ, ಇನ್ನೊಂದರಲ್ಲಿ ಉಳಿದರ್ಧ. ಅಂಚಿಗಿಂತ ಅಕ್ಷರದ ಸಾಕ್ಷಿಯೇ ದೊಡ್ಡದು, ಅಲ್ವಾ?

ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಮಾಡಿದ್ದೂ ಇಂಥದ್ದೇ ಕೆಲಸ. ದಕ್ಷಿಣ ಅಮೆರಿಕ ಮತ್ತು ಆಫ್ರಿಕದ ಅಂಚು ಕೂಡುತ್ತದೆ ಎಂಬುದನ್ನು ಅವರಿಗಿಂತ ಮೊದಲೇ ಹಲವರು ಗಮನಿಸಿದ್ದರು. ವೆಗೆನರ್ ಅಕ್ಷರವನ್ನೂ ಓದಿದರು. ಎರಡೂ ಕಡೆ ಒಂದೇ ಬಗೆಯ ಬಂಡೆ, ಮೆಸೊಸಾರಸ್ ಎಂಬ ಒಂದೇ ಹಲ್ಲಿಜಾತಿಯ ಪ್ರಾಣಿಯ ಪಳೆಯುಳಿಕೆ, ಭಾರತದಲ್ಲೂ ಆಫ್ರಿಕದಲ್ಲೂ ಆಸ್ಟ್ರೇಲಿಯದಲ್ಲೂ ಸಿಗುವ ಗ್ಲೊಸಾಪ್ಟೆರಿಸ್ ಗಿಡದ ಎಲೆಯಚ್ಚು. ಆದರೆ ಖಂಡವನ್ನು ಸರಿಸುವ ಬಲ ಯಾವುದು ಎಂದು ಕೇಳಿದಾಗ ಅವರ ಬಳಿ ಸರಿಯಾದ ಉತ್ತರ ಇರಲಿಲ್ಲ. ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ತಮ್ಮ ಮಾತು ಗೆದ್ದದ್ದನ್ನು ಅವರು ನೋಡಲೇ ಇಲ್ಲ. ಇದನ್ನು ಓದುವಾಗಲೆಲ್ಲ ನನಗೆ ಬೇಸರವಾಗುತ್ತದೆ.

ಹೆಜ್ಜೆ 2: ಹಾಲಿನ ಕೆನೆ ನೋಡಿ

ದೊಡ್ಡವರು ಜೊತೆಗಿರುವಾಗ ಅಗಲ ಬಾಯಿಯ ಪಾತ್ರೆಯಲ್ಲಿ ಹಾಲಿಟ್ಟು ಸಣ್ಣ ಉರಿ ಮಾಡಿ. ಕೆನೆ ಕಟ್ಟಿದ ಮೇಲೆ ಅಲ್ಲಾಡಿಸದೆ ಗಮನಿಸಿ. ಅಡಿಯಿಂದ ಹಾಲು ಉಕ್ಕಿ ಬರುವ ಕಡೆ ಕೆನೆ ಬಿರಿಯುತ್ತದೆ. ಪಾತ್ರೆಯ ಅಂಚಿನ ಹತ್ತಿರ ಸುಕ್ಕುಗಟ್ಟುತ್ತದೆ. ಫಲಕಗಳ ಬಗ್ಗೆ ಮೊದಲ ಕಲ್ಪನೆಗೆ ಇಷ್ಟು ಸಾಕು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಹಾಲಿನ ಹೋಲಿಕೆಯಿಂದ, ಫಲಕಗಳ ಅಡಿಯಲ್ಲಿರುವುದು ದ್ರವ ಎಂಬ ತಪ್ಪು ಭಾವನೆ ಬರುತ್ತದೆ. ಪರೀಕ್ಷೆಯಲ್ಲಿ ಅತಿ ಜಾಸ್ತಿ ಕಾಣುವ ತಪ್ಪೂ ಇದೇ. ಫಲಕಗಳ ಅಡಿಯ ಆ ಪದರಕ್ಕೆ ಮ್ಯಾಂಟಲ್ ಎಂದು ಹೆಸರು, ಅದು ಘನ ಬಂಡೆ. ಬಿಸಿಯಿಂದಾಗಿ ಅದು ತೀರಾ ನಿಧಾನವಾಗಿ ಹರಿಯುತ್ತದೆ, ಅಷ್ಟೆ. ಹಲಸಿನ ಮೇಣವನ್ನು ಕೋಲಿಗೆ ಸುತ್ತಿ ನೆಟ್ಟಗೆ ನಿಲ್ಲಿಸಿಟ್ಟರೆ ಮುಟ್ಟುವಾಗ ಗಟ್ಟಿಯಾಗಿಯೇ ಇರುತ್ತದೆ, ಆದರೂ ಹೊತ್ತು ಹೋದ ಹಾಗೆ ಜೋತು ಬೀಳುತ್ತದೆ. ಮ್ಯಾಂಟಲನ್ನು ಹಾಗೆ ಕಲ್ಪಿಸಿಕೊಳ್ಳಿ.

ಹಾಗಾದರೆ ಬೆಟ್ಟಸಾಲಿನಲ್ಲಿ ಶಿಲಾಪಾಕ ಎಲ್ಲಿಂದ ಬಂತು? ಎರಡು ಫಲಕ ದೂರವಾದಾಗ ಅಡಿಯ ಬಿಸಿ ಬಂಡೆ ಮೇಲೇರುತ್ತದೆ. ಮೇಲೇರಿದ ಹಾಗೆ ಅದರ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಇಳಿದಾಗ ಬಂಡೆಯ ಸ್ವಲ್ಪ ಭಾಗ ಕರಗುತ್ತದೆ. ಆ ಕರಗಿದ ಭಾಗ ಬಿರುಕಿಗೆ ಬಂದು ತಣಿದು ಬಸಾಲ್ಟ್ ಎಂಬ ಕಪ್ಪು ಕಲ್ಲಾಗುತ್ತದೆ. ಕಡಲ ತಳದ ಹೊಸ ನೆಲ ಇದೇ.

ಹೆಜ್ಜೆ 3: ತೆಂಗಿನೆಣ್ಣೆಯಲ್ಲಿ ದಿಕ್ಕನ್ನು ಹಿಡಿದಿಡಿ

ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ತೆಳ್ಳಗೆ ತೆಂಗಿನೆಣ್ಣೆ ಹಾಕಿ. ಮೇಲೆ ಒಂದು ಚಿಟಿಕೆ ಕಬ್ಬಿಣದ ಹುಡಿ ಉದುರಿಸಿ. ಮುಚ್ಚಳದ ಅಡಿಗೆ ಅಯಸ್ಕಾಂತ ಇಡಿ. ಹುಡಿ ಗೆರೆಗೆರೆಯಾಗಿ ನಿಲ್ಲುತ್ತದೆ. ಈಗ ಅಯಸ್ಕಾಂತದ ಸಮೇತ ಫ್ರಿಜ್ಜಿನಲ್ಲಿಡಿ. ಎಣ್ಣೆ ಗಟ್ಟಿಯಾದ ಮೇಲೆ ಹೊರಗೆ ತೆಗೆದು ಅಯಸ್ಕಾಂತವನ್ನು ದೂರ ಇಡಿ. ಗೆರೆಗಳು ಹಾಗೆಯೇ ಉಳಿದಿರುತ್ತವೆ! ಅಯಸ್ಕಾಂತ ಎತ್ತ ಇತ್ತು ಎಂಬುದನ್ನು ಎಣ್ಣೆ ನೆನಪಿಟ್ಟುಕೊಂಡಿದೆ. ಬಿಸಿಲಿಗಿಟ್ಟು ಕರಗಿಸಿ ಅಲ್ಲಾಡಿಸಿ. ನೆನಪು ಅಳಿಸಿಹೋಯಿತು.

ಬಸಾಲ್ಟ್ ಮಾಡುವುದೂ ಇದೇ. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಕಣಗಳಿವೆ. ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಅವು ಆ ಹೊತ್ತಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ವ್ಯತ್ಯಾಸ ಒಂದಿದೆ. ಎಣ್ಣೆಯಲ್ಲಿ ಹುಡಿಯ ಕಣವೇ ತಿರುಗಿತು. ಕಲ್ಲಿನಲ್ಲಿ ಕಣ ಇದ್ದಲ್ಲೇ ಇರುತ್ತದೆ, ಅದರೊಳಗಿನ ಕಾಂತದ ದಿಕ್ಕು ಮಾತ್ರ ಹೊಂದಿಕೊಳ್ಳುತ್ತದೆ.

ಇನ್ನೊಂದು ವಿಷಯವೂ ಗೊತ್ತಿರಬೇಕು. ಭೂಮಿಯ ಕಾಂತಕ್ಷೇತ್ರ ಆಗಾಗ ಉಲ್ಟಾ ಆಗುತ್ತದೆ. ಅಂಥ ಕಾಲದಲ್ಲಿ ದಿಕ್ಸೂಚಿ ಇದ್ದಿದ್ದರೆ ಅದರ ಉತ್ತರದ ಮುಳ್ಳು ದಕ್ಷಿಣಕ್ಕೆ ತಿರುಗುತ್ತಿತ್ತು. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ 1906ರಲ್ಲಿ ಉಲ್ಟಾ ದಿಕ್ಕಿನ ಲಾವಾ ಕಲ್ಲನ್ನು ಗುರುತಿಸಿದರು. ಜಪಾನಿನ ಮೊಟೊನೊರಿ ಮಾಟುಯಾಮಾ 1929ರಲ್ಲಿ ಇದು ಕಾಲಕ್ಕೆ ಸಂಬಂಧಪಟ್ಟದ್ದು ಎಂದು ತೋರಿಸಿದರು. ಕೊನೆಯ ಸಲ ಪೂರ್ತಿ ತಿರುಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಈ ತಿರುಗುವಿಕೆಗೆ ನಿಯಮಿತ ಅಂತರವಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. ಮುಂದಿನ ಹೆಜ್ಜೆಗೆ ದಾಳ ಬೇಕಾದದ್ದು ಅದಕ್ಕೇ.

ಹೆಜ್ಜೆ 4: ಕಡಲ ತಳ ಮಾಡಿ

ಇದಕ್ಕೆ ಮೂರು ಜನ ಬೇಕು. ಒಂದು ಪಿರಿಯಡ್ ಪೂರ್ತಿ ಇಟ್ಟುಕೊಳ್ಳಿ, ಅವಸರ ಮಾಡಬೇಡಿ.

ರಟ್ಟನ್ನು 30 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಸರಿಯಾಗಿ ನಡುವೆ, ಅಗಲದ ದಿಕ್ಕಿನಲ್ಲಿ, 9 ಸೆಂ.ಮೀ. ಉದ್ದದ ಒಂದು ಸೀಳು ಮಾಡಿ. ಅದರಿಂದ ಎಡಕ್ಕೆ 10 ಸೆಂ.ಮೀ. ದೂರದಲ್ಲಿ ಒಂದು, ಬಲಕ್ಕೆ 10 ಸೆಂ.ಮೀ. ದೂರದಲ್ಲಿ ಒಂದು, ಹೀಗೆ ಇನ್ನೆರಡು ಸೀಳು. ಬ್ಲೇಡಿನ ಕೆಲಸ ದೊಡ್ಡವರಿಗೆ ಬಿಡಿ. ಕಾಗದ ಸಿಕ್ಕಿಕೊಳ್ಳದಂತೆ ಸೀಳನ್ನು ಸ್ವಲ್ಪ ಅಗಲ ಮಾಡಿ.

ಕ್ಯಾಲೆಂಡರಿನ ಹಾಳೆಯಿಂದ 8 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಎರಡು ಪಟ್ಟಿ ಮಾಡಿ. ಬಿಳಿ ಮೈ ಮೇಲೆ ಬರಬೇಕು. ಎರಡೂ ಪಟ್ಟಿಯನ್ನು ಒಂದಕ್ಕೊಂದು ಸೇರಿಸಿ, ರಟ್ಟಿನ ಅಡಿಯಿಂದ ನಡು ಸೀಳಿನ ಮೂಲಕ ತುದಿ ಮೇಲಕ್ಕೆ ತನ್ನಿ. ಅಡಿಯಲ್ಲಿದ್ದಾಗ ಬಿಳಿ ಮೈಗಳು ಎದುರುಬದುರು ಇದ್ದರೆ, ಮೇಲೆ ಬಂದು ಎಡಕ್ಕೂ ಬಲಕ್ಕೂ ಮಡಿಸಿದಾಗ ಅವೇ ಮೇಲೆ ಕಾಣುತ್ತವೆ. ತಿರುವು ಮುರುವಾದರೆ ಅಲ್ಲೇ ತಿರುಗಿಸಿಕೊಳ್ಳಿ. ಎರಡೂ ತುದಿ ನಡು ಸೀಳಿನಿಂದ ಸ್ವಲ್ಪವೇ ಹೊರಗೆ ಇರಲಿ.

ನಡು ಸೀಳೇ ನಮ್ಮ ಬೆಟ್ಟಸಾಲು. ಈಗ ಆಟ ಶುರು. ಒಬ್ಬರು ದಾಳ ಹಾಕಬೇಕು. ಇನ್ನೊಬ್ಬರು ದಾಳದಲ್ಲಿ ಬಿದ್ದಷ್ಟು ಸೆಂಟಿಮೀಟರ್ ಎರಡೂ ಪಟ್ಟಿಯನ್ನು ಒಟ್ಟಿಗೆ ಎಳೆಯಬೇಕು, ಎರಡೂ ಕಡೆಗೆ ಸಮನಾಗಿ. ಮೂರನೆಯವರು ಹೊಸದಾಗಿ ಹೊರಬಂದ ಭಾಗಕ್ಕೆ ಬಣ್ಣ ಕೊಡಬೇಕು. ಮೊದಲ ಸಲ ಕೆಂಪು ಹಚ್ಚಿ, ಎರಡನೇ ಸಲ ಬಿಳಿಯಾಗಿಯೇ ಬಿಡಿ, ಮೂರನೇ ಸಲ ಮತ್ತೆ ಕೆಂಪು. ಕೆಂಪು ಅಂದರೆ ಈಗಿನಂತೆ ನೇರ ದಿಕ್ಕು, ಬಿಳಿ ಅಂದರೆ ಉಲ್ಟಾ. ಕೊನೆಗೆ ಕೆಂಪಿನಲ್ಲೇ ನಿಲ್ಲಿಸಿ, ಏಕೆಂದರೆ ಈಗ ನಡೆಯುತ್ತಿರುವುದು ನೇರ ಕಾಲ. ಪಟ್ಟಿಯ ತುದಿ ಪಕ್ಕದ ಸೀಳನ್ನು ಮುಟ್ಟಿದಾಗ ಅದರೊಳಗೆ ತೂರಿಸಿ ಅಡಿಗೆ ಬಿಡಿ.

ಬಣ್ಣವನ್ನು ಮೊದಲೇ ಹಚ್ಚಿಟ್ಟು ಎಳೆಯುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಗದ ಹೊರಬರುವ ಹೊತ್ತಿಗೇ ಬಣ್ಣ ಬೀಳಬೇಕು. ಕಲ್ಲು ಹುಟ್ಟಿದ ಗಳಿಗೆಯಲ್ಲೇ ದಿಕ್ಕು ದಾಖಲಾಗುತ್ತದೆ ಎಂಬುದು ಈ ಪಾಠದ ಜೀವ. ಅದು ಕೈಗೆ ತಿಳಿಯಬೇಕು.

ಮುಗಿದ ಮೇಲೆ ಪಟ್ಟಿಗಳನ್ನು ನೋಡಿ. ಎಡದಲ್ಲಿ ಯಾವ ಅಗಲದ ಗೆರೆ ಇದೆಯೋ ಬಲದಲ್ಲೂ ಅದೇ, ಕನ್ನಡಿ ಹಿಡಿದ ಹಾಗೆ. ನಡು ಸೀಳಿನ ಹತ್ತಿರ ಹೊಸತು, ದೂರ ಹೋದಷ್ಟೂ ಹಳತು. ವೈನ್ ಮತ್ತು ಮ್ಯಾಥ್ಯೂಸ್ ಕಾರ್ಲ್ಸ್‌ಬರ್ಗ್ ಸಾಲಿನ ಅಳತೆಯಿಂದ ಹೇಳಿದ್ದು ಇದನ್ನೇ: ತಳ ಎರಡೂ ಕಡೆಗೆ ಹರಡುತ್ತಿದ್ದರೆ, ಕಾಂತಕ್ಷೇತ್ರ ಆಗಾಗ ಉಲ್ಟಾ ಆಗುತ್ತಿದ್ದರೆ ಇಂಥ ಪಟ್ಟೆಗಳು ಬರುತ್ತವೆ. ಕೆನಡಾದ ಲಾರೆನ್ಸ್ ಮಾರ್ಲಿ ಅವರಿಗೂ ಅದೇ ಹೊತ್ತಿಗೆ ಇದೇ ವಿಚಾರ ಹೊಳೆದಿತ್ತು. ಅವರ ಬರಹವನ್ನು ಪತ್ರಿಕೆಗಳು ತಿರಸ್ಕರಿಸಿದ್ದವು. ತಳ ಹರಡುತ್ತದೆ ಎಂಬ ಮೂಲ ವಿಚಾರ ಅಮೆರಿಕದ ಹ್ಯಾರಿ ಹೆಸ್ ಅವರದು. ಎರಡನೇ ಮಹಾಯುದ್ಧದಲ್ಲಿ ಹಡಗಿನ ಕ್ಯಾಪ್ಟನ್ ಆಗಿದ್ದಾಗಲೇ ಅವರು ಪ್ರತಿಧ್ವನಿಯಿಂದ ಕಡಲ ಆಳ ಅಳೆಯುತ್ತಿದ್ದರು. ಕಡಲ ತಳದ ನಕ್ಷೆ ಬಿಡಿಸಿ ಬೆಟ್ಟಸಾಲಿನ ನಡುವಿನ ಸೀಳು ಕಣಿವೆಯನ್ನು ಮೊದಲು ಗುರುತಿಸಿದವರು ಮೇರಿ ಥಾರ್ಪ್. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ದಡದಲ್ಲೇ ಕೂತು, ಬೇರೆಯವರು ತಂದ ಅಂಕಿಗಳಿಂದ ಅವರು ಅದನ್ನು ಕಂಡರು. ತರಗತಿಯ ಹುಡುಗಿಯರಿಗೆ ಈ ಹೆಸರನ್ನು ತಪ್ಪದೆ ಹೇಳಿ.

ಇನ್ನೊಂದು ಸಲ ಮಾಡುವಾಗ ಬಲ ಪಟ್ಟಿಯ ತುದಿಗೆ ಭಾರತದ ಪುಟ್ಟ ನಕ್ಷೆ ಅಂಟಿಸಿ, ಬಲಗಡೆಯ ಸೀಳಿಗೆ ತೂರಿಸದೆ ಹಾಗೇ ಮುಂದಕ್ಕೆ ಬಿಡಿ. ಭಾರತ ತಾನಾಗಿ ಈಜುವುದಿಲ್ಲ. ಕಾಗದದ ಜೊತೆಗೆ ಸಾಗುತ್ತದೆ. ನಿಜದಲ್ಲೂ ಹೀಗೆಯೇ. ಖಂಡವೂ ಅದರ ಪಕ್ಕದ ಕಡಲ ತಳವೂ ಒಂದೇ ಫಲಕದ ಭಾಗ. ಕಾಸರಗೋಡಿನ ಕರಾವಳಿ ಫಲಕದ ಅಂಚಲ್ಲ, ಅಂಚು ಇರುವುದು ಅಲ್ಲಿ, ಕಾರ್ಲ್ಸ್‌ಬರ್ಗ್ ಸಾಲಿನಲ್ಲಿ. ಅದರಾಚೆ ಆಫ್ರಿಕದ ಕಡೆಯ ಸೊಮಾಲಿ ಫಲಕ. ಇಲ್ಲಿ ಕಂದಕವೂ ಇಲ್ಲ, ಹೊಗೆಯುಗುಳುವ ಬೆಟ್ಟವೂ ಇಲ್ಲ ಎನ್ನುವುದಕ್ಕೆ ಕಾರಣ ಇದೇ.

ಹೆಜ್ಜೆ 5: ವೇಗ ಲೆಕ್ಕ ಮಾಡಿ

ನಿಮ್ಮ ಪಟ್ಟಿಯಲ್ಲಿ 1 ಸೆಂ.ಮೀ. ಅಂದರೆ 1 ಲಕ್ಷ ವರ್ಷ ಎಂದಿಟ್ಟುಕೊಳ್ಳಿ. ಅದೇ 1 ಸೆಂ.ಮೀ. ಅಂದರೆ ನಿಜದ ಕಡಲಿನಲ್ಲಿ 2 ಕಿ.ಮೀ. ಈಗ 2 ಕಿ.ಮೀ. ಅಂದರೆ 2 ಲಕ್ಷ ಸೆಂ.ಮೀ. ಅದನ್ನು 1 ಲಕ್ಷ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ 2 ಸೆಂ.ಮೀ. ಇದು ಒಂದು ಬದಿಯ ವೇಗ. ಎರಡೂ ಬದಿ ಸೇರಿದರೆ 4 ಸೆಂ.ಮೀ. ಒಂದು ಬದಿಯದನ್ನು ಲೆಕ್ಕ ಮಾಡಿ ಅಲ್ಲಿಗೇ ನಿಲ್ಲಿಸುವವರು ಬಹಳ. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆ ನೋಡಿ.

ಇನ್ನೊಂದು ಲೆಕ್ಕ. 7.8 ಲಕ್ಷ ವರ್ಷದ ಗೆರೆ ಬೆಟ್ಟಸಾಲಿನ ನಡುವಿನಿಂದ 10 ಕಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. 10 ಲಕ್ಷ ಸೆಂ.ಮೀ. ಭಾಗಿಸು 7.8 ಲಕ್ಷ, ಅಂದರೆ ಸುಮಾರು 1.28. ಎರಡೂ ಬದಿ ಸೇರಿ ವರ್ಷಕ್ಕೆ ಸುಮಾರು ಎರಡೂವರೆ ಸೆಂ.ಮೀ. ಕಾರ್ಲ್ಸ್‌ಬರ್ಗ್ ಸಾಲು ಹರಡುವುದೂ ಹೆಚ್ಚುಕಡಿಮೆ ಇದೇ ವೇಗದಲ್ಲಿ. ಅಟ್ಲಾಂಟಿಕ್ ಕೂಡ ಇಷ್ಟೇ ನಿಧಾನ. 5000 ಕಿ.ಮೀ. ಅಗಲದ ಸಾಗರವನ್ನು ಈ ವೇಗದಿಂದ ಭಾಗಿಸಿ ನೋಡಿ, 20 ಕೋಟಿ ವರ್ಷ ಬರುತ್ತದೆ. ಕಡಲ ತಳದಲ್ಲಿ ಈಗ ಸಿಗುವ ತೀರಾ ಹಳೆಯ ಕಲ್ಲು ಸುಮಾರು 18 ಕೋಟಿ ವರ್ಷದ್ದು. ಸುಮ್ನೆ ಮಾಡಿದ ಒಂದು ಭಾಗಾಕಾರ ಅಷ್ಟು ಹತ್ತಿರ ಬಂತಲ್ಲ! ಖಂಡಗಳಲ್ಲಾದರೋ 400 ಕೋಟಿ ವರ್ಷದ ಕಲ್ಲೂ ಇದೆ.

ಸಾಧ್ಯವಾದರೆ ತಂಡಗಳು ಪಟ್ಟಿಯನ್ನು ಅದಲು ಬದಲು ಮಾಡಿಕೊಂಡು, ಪಕ್ಕದ ತಂಡದ ದಾಳದಲ್ಲಿ ಯಾವ ಸಂಖ್ಯೆಗಳು ಯಾವ ಕ್ರಮದಲ್ಲಿ ಬಿದ್ದಿದ್ದವು ಎಂದು ಗೆರೆ ನೋಡಿಯೇ ಹೇಳಲಿ. ವಿಜ್ಞಾನಿಗಳು ಕಡಲ ತಳದ ವಯಸ್ಸು ಓದುವ ರೀತಿ ಅದು.

ಹೆಜ್ಜೆ 6: ಬೈರಾಸು ಮೇಜಿನಿಂದ ಜಾರಲಿ

ಹೊಸ ನೆಲ ಹುಟ್ಟುತ್ತಲೇ ಇದ್ದರೆ ಭೂಮಿ ದೊಡ್ಡದಾಗಬೇಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆಗುವುದಿಲ್ಲ, ಏಕೆಂದರೆ ಬೇರೆ ಕಡೆ ಹಳೆಯ ನೆಲ ಕಂದಕಗಳಲ್ಲಿ ಒಳಗಿಳಿಯುತ್ತದೆ. ನಿಮ್ಮ ರಟ್ಟಿನ ಪಕ್ಕದ ಸೀಳುಗಳು ಅವೇ.

ಬೈರಾಸಿನ ಒಂದು ತುದಿಯನ್ನು ನೀರಲ್ಲಿ ಅದ್ದಿ. ಒಣ ಭಾಗವನ್ನು ನುಣುಪಾದ ಮೇಜಿನ ಮೇಲೆ ಹಾಸಿ, ಒದ್ದೆ ತುದಿಯನ್ನು ಅಂಚಿನಿಂದ ಕೆಳಗೆ ಇಳಿಬಿಡಿ. ಸ್ವಲ್ಪ ಸ್ವಲ್ಪವೇ ಜಾಸ್ತಿ ಇಳಿಬಿಟ್ಟರೆ ಒಂದು ಹಂತದಲ್ಲಿ ಬೈರಾಸು ತಾನೇ ಜಾರುತ್ತದೆ. ಕಡಲ ತಳ ಹಳತಾದಂತೆ ತಣಿಯುತ್ತದೆ, ತಣಿದಂತೆ ಭಾರವಾಗುತ್ತದೆ, ಕಂದಕದಲ್ಲಿ ಮುಳುಗುವಾಗ ಹಿಂದಿನ ಫಲಕವನ್ನೂ ಎಳೆದುಕೊಂಡು ಹೋಗುತ್ತದೆ. ಫಲಕಗಳನ್ನು ಸರಿಸುವ ಬಲಗಳಲ್ಲಿ ಇದೇ ದೊಡ್ಡದು. ಮ್ಯಾಂಟಲಿನ ಪ್ರವಾಹವೊಂದನ್ನೇ ಬರೆದು ಬಿಟ್ಟರೆ ಉತ್ತರ ಅರ್ಧವಾಗುತ್ತದೆ.

ಉಳಿದ ಎರಡು ಅಂಚುಗಳು ಬೇಗ ಮುಗಿಯುತ್ತವೆ. ಎರಡು ಅಡಿಕೆ ಹಾಳೆಗಳನ್ನು ಎದುರುಬದುರು ತಳ್ಳಿದರೆ ಒಂದು ಇನ್ನೊಂದರ ಅಡಿಗೆ ಹೋಗುತ್ತದೆ, ಇಲ್ಲವೇ ಎರಡೂ ಬಾಗಿ ಮೇಲೇಳುತ್ತವೆ. ಸುಮಾತ್ರಾದ ಬಳಿ ಅಡಿಗೆ ಹೋಗುವ ಬಗೆ. 2004ರ ಡಿಸೆಂಬರ್ 26ರ ಸುನಾಮಿ ಹುಟ್ಟಿದ್ದು ಅಲ್ಲಿಂದ, ಕೇರಳದ ಕೊಲ್ಲಂ, ಆಲಪ್ಪುಳ ತೀರವನ್ನೂ ಅದು ಬಡಿಯಿತು. ಹಿಮಾಲಯ ಮೇಲೆದ್ದ ಬಗೆ. ಹಾಳೆಗಳನ್ನು ಪಕ್ಕಪಕ್ಕ ಉಜ್ಜಿದರೆ ಪಕ್ಕಕ್ಕೆ ಜಾರುವ ಅಂಚು. ಅರಬ್ಬೀ ಕಡಲಿನಲ್ಲೇ ಅದಕ್ಕೆ ಉದಾಹರಣೆ ಇದೆ, ಭಾರತ ಮತ್ತು ಅರೇಬಿಯಾ ಫಲಕಗಳ ನಡುವಿನ ಓವೆನ್ ಬಿರುಕು ವಲಯ. ಮೊದಲು ಹೇಳಿದ ಆ ಹಡಗಿನ ಹೆಸರೇ ಅದಕ್ಕೂ.

ಹೆಜ್ಜೆ 7: ಉತ್ತರ ಬರೆಯುವಾಗ

ಸಾಗರ ತಳ ವಿಸ್ತರಣೆಗೆ ಸಾಕ್ಷಿ ಕೊಡಿ ಎಂದು ಕೇಳಿದರೆ ನಾಲ್ಕು ಮಾತು ಬರಲಿ. ಕಾಂತದ ಪಟ್ಟೆಗಳು ಎರಡೂ ಬದಿ ಸಮನಾಗಿವೆ. ಬೆಟ್ಟಸಾಲಿನಿಂದ ದೂರ ಹೋದಂತೆ ಕಲ್ಲಿನ ವಯಸ್ಸು ಹೆಚ್ಚುತ್ತದೆ. ಕಲ್ಲಿನ ಮೇಲಿನ ಕೆಸರಿನ ಪದರವೂ ದೂರ ಹೋದಂತೆ ದಪ್ಪವಾಗುತ್ತದೆ. ತಳ ತಣಿದು ತಗ್ಗುವುದರಿಂದ ಕಡಲೂ ಆಳವಾಗುತ್ತದೆ, ಸಾಲಿನ ತಲೆಯ ಮೇಲೆ ಸುಮಾರು 2500 ಮೀಟರ್ ಇದ್ದದ್ದು ಹಳೆಯ ತಳದಲ್ಲಿ 5000 ಮೀಟರ್ ದಾಟುತ್ತದೆ. ಗ್ಲೋಮರ್ ಚಾಲೆಂಜರ್ ಎಂಬ ಹಡಗು 1968ರಿಂದ ಕಡಲ ತಳವನ್ನು ಕೊರೆದು ವಯಸ್ಸಿನ ಮಾತನ್ನು ಖಚಿತಪಡಿಸಿತು ಎಂದು ಒಂದು ಸಾಲು ಸೇರಿಸಿ. ಚಿತ್ರದಲ್ಲಿ ಬಾಣಗಳು ಬೆಟ್ಟಸಾಲಿನಿಂದ ಹೊರಮುಖವಾಗಿರಬೇಕು, ಕಂದಕದಲ್ಲಿ ಒಳಮುಖವಾಗಿ.

ಹೆಜ್ಜೆ 8: ನಿಜದ ಜಾಗ ನೋಡಿ ಬನ್ನಿ

ಶಾಲೆಯ ಪ್ರವಾಸಕ್ಕೆ ಉಡುಪಿ ಕಡೆ ಹೋಗುವುದಿದ್ದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಸೇರಿಸಿ. ಇಲ್ಲಿಂದ ಮಲ್ಪೆಗೆ ಸುಮಾರು 110 ಕಿ.ಮೀ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಆಮೇಲೆ ಹೋಗಿ. ಅಲ್ಲಿನ ಕಂಬಗಂಬದ ಕಲ್ಲುಗಳು ಸುಮಾರು 9 ಕೋಟಿ ವರ್ಷದ ಹಿಂದಿನ ಲಾವಾ. ಭಾರತವೂ ಮಡಗಾಸ್ಕರೂ ಬೇರೆಯಾದ ಕಾಲದ್ದು. ಮದುವೆ ಕಾಗದದ ಹರಿದ ಅಂಚನ್ನು ಕೈಯಲ್ಲಿ ಮುಟ್ಟಿದ ಹಾಗೆ ಅದು. ನಮ್ಮೂರ ಮುರಕಲ್ಲನ್ನು ಮಾತ್ರ ಇದರ ಜೊತೆ ಸೇರಿಸಬೇಡಿ. ಅದರಲ್ಲಿ ಕಬ್ಬಿಣ ಇದೆ, ಆದರೆ ಅದು ಲಾವಾ ಅಲ್ಲ. ಹಳೆಯ ಬಂಡೆ ಮಳೆ ಬಿಸಿಲಿಗೆ ಕೊಳೆತು ಆದದ್ದು.

ಪ್ರವಾಸ ಆಗದಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆಯಿರಿ. ಕಾಸರಗೋಡಿನಿಂದ ನೈಋತ್ಯಕ್ಕೆ ಸರಿಯಿರಿ. ಮೊದಲು ಲಕ್ಷದ್ವೀಪದಿಂದ ದಕ್ಷಿಣಕ್ಕೆ ಮಾಲ್ಡೀವ್ಸ್‌ವರೆಗೂ ಎದ್ದುನಿಂತ ಉದ್ದನೆಯ ದಿಣ್ಣೆ ಸಿಗುತ್ತದೆ. ಅದನ್ನು ಕಾರ್ಲ್ಸ್‌ಬರ್ಗ್ ಎಂದುಕೊಳ್ಳಬೇಡಿ, ಇನ್ನೂ ಮುಂದೆ ಹೋಗಿ. ಆಳದ ನೀಲಿ ದಾಟಿದ ಮೇಲೆ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಮಲಗಿದ ಒರಟು ಸಾಲು, ಅದರ ನಡುವೆ ಸಣ್ಣ ಕಪ್ಪು ಗೀರು ಕಾಣುತ್ತದೆ. ಅಳತೆಯ ಗೆರೆ ಎಳೆದು ಊರಿನಿಂದ ಅಲ್ಲಿಗೆ ಎಷ್ಟು ಕಿಲೋಮೀಟರ್ ಎಂದು ನೋಡಿ, ನಿಮ್ಮ ಕಾಗದದ ಪಟ್ಟಿಯ ಹಿಂಬದಿಯಲ್ಲಿ ಬರೆದಿಡಿ.